ದಾಸೋಹದ ಅಕ್ಕಿ, ತವರಿನ ಪಾಲು

ಕಾಯಕದ ಗಳಿಕೆಯು ಮನೆಯ ಹೊಸ್ತಿಲೊಳಗೆ ಬಂದ ಮೇಲೆ ಅದರ ಗತಿ ಏನಾಗಬೇಕೆಂಬುದನ್ನು ಶರಣರು ಕಟ್ಟುನಿಟ್ಟಾಗಿ ವಿಚಾರಿಸಿದ್ದರು. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ; ಹೆಚ್ಚಿನದನ್ನು ಮೊದಲಿದ್ದ ಎಡೆಯಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಆ ಅಕ್ಕಿಯನ್ನು ತಂದದ್ದು ದಾಸೋಹಕ್ಕಾಗಿ. ಆದರೂ ಲಕ್ಕಮ್ಮನಿಗೆ ಅದರಲ್ಲಿ ಆಸೆ ಕಂಡಿತು. ಪರಾರ್ಥದ ಹೆಸರು ಹೊತ್ತು ಬರುವ ಸ್ವಾರ್ಥವನ್ನು ಗುರುತಿಸುವುದು ಕಠಿಣ. ತನಗಾಗಿ ಬೇಡಲು ನಾಚುವ ಗೃಹಸ್ಥನು ‘ಮಕ್ಕಳಿಗಾಗಿ’ ಎಂದೊಡನೆ ನಿಸ್ಸಂಕೋಚನಾಗುತ್ತಾನೆ.

ಈ ನಿಸ್ಸಂಕೋಚವು ಸ್ಪಷ್ಟವಾಗಿ ಕಾಣುವುದು ಮನೆ ಪಾಲಾಗುವ ಕಾಲದಲ್ಲಿ. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಸಮಾನ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯ ಭೇದವನ್ನೂ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರತಕ್ಕದ್ದೆಂದು ಸುಪ್ರೀಂ ಕೋರ್ಟು 2020ರಲ್ಲಿ ನಿರ್ಣಯಿಸಿತು. ಹೀಗಿದ್ದರೂ ಎಷ್ಟೋ ಮನೆಗಳ ಸೋದರಿಯರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುತ್ತಾರೆ.

ಇದನ್ನು ತ್ಯಾಗವೆನ್ನಬಹುದೇ? ಕೆಲವೆಡೆ ತ್ಯಾಗವೇ ಸರಿ. ಒಡಹುಟ್ಟಿದವನ ಬಡತನ ಕಂಡು ಮನಸಾರೆ ಬಿಟ್ಟುಕೊಡುವವಳಿಗೆ ಅಡ್ಡ ಬರಲು ಯಾರಿಗೂ ಅಧಿಕಾರವಿಲ್ಲ. ಆದರೆ ಅನೇಕ ವೇಳೆ ಆ ಸಹಿಯ ಹಿಂದಿರುವುದು ಅಂಜಿಕೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು. ಪಂಚಮಿಗೆ ಕರೆಯಲು ಅಣ್ಣ ಬಾರನು. ನಾಳೆ ಗಂಡನ ಮನೆಯಲ್ಲಿ ಕಷ್ಟವೊದಗಿದರೆ ಹೋಗಲು ಎಡೆಯಿಲ್ಲ. ಅಂದರೆ ಆಕೆಯೂ ಲೆಕ್ಕ ಹಾಕಿಯೇ ಇದ್ದಾಳೆ; ಹೊಲವನ್ನು ಕೊಟ್ಟು ಹಬ್ಬದ ಕರೆಯನ್ನು ಕೊಂಡುಕೊಳ್ಳುತ್ತಾಳೆ. ಅಣ್ಣನಾದರೋ ಅದನ್ನು ಸಂಪ್ರದಾಯವೆಂದು ಕರೆದು, ವರ್ಷಕ್ಕೊಂದು ಸೀರೆ-ಕುಪ್ಪಸ ಕೊಟ್ಟು, ಋಣ ತೀರಿತೆಂದು ಬಗೆಯುತ್ತಾನೆ. ‘ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎಂಬ ಮಾತೂ ಸಿದ್ಧವಿರುತ್ತದೆ. ಅಣ್ಣನ ಮದುವೆಯ ಖರ್ಚನ್ನು ಮಾತ್ರ ಯಾರೂ ಆತನ ಪಾಲಿನಲ್ಲಿ ಕಳೆಯುವುದಿಲ್ಲ!

ಲಕ್ಕಮ್ಮನು ಆ ಮನೆಯ ಗೃಹಿಣಿಯೆಂಬುದನ್ನು ಭಕ್ತರು ಮರೆಯಬಾರದು. ಹೆಚ್ಚಿನ ಅಕ್ಕಿ ಉಳಿದಿದ್ದರೆ ತುಂಬುತ್ತಿದ್ದುದು ಅವಳದೇ ಮಡಕೆ. ಪಾಲಾಗುವ ಮನೆಯಲ್ಲಿಯೂ ನಾದಿನಿಯ ಹೊಲ ಉಳಿದರೆ ಲಾಭ ಸೊಸೆಯ ಮಕ್ಕಳಿಗೆ. ಆ ಸೊಸೆಯೂ ತನ್ನ ತವರಿನಲ್ಲಿ ಅಂಥದೇ ಪತ್ರಕ್ಕೆ ಸಹಿ ಹಾಕಿ ಬಂದವಳಿರಬಹುದು. ‘ನಿಮ್ಮ ತಂಗಿಗೆ ಅವಳ ಪಾಲೆಷ್ಟೆಂದು ತಿಳಿಸಿದ್ದೀರಾ?’ ಎಂದು ಕಚೇರಿಗೆ ಹೊರಟ ಗಂಡನನ್ನು ಹೊಸ್ತಿಲಲ್ಲಿ ತಡೆದು ಕೇಳಬಲ್ಲವಳು ಅವಳೇ.