ಕರಿ ಕೋಟಿಗೆ ಅಳತೆ ಕೊಡುವ ಹೊತ್ತು

ಮಗಳು ಲಾ ಓದುತ್ತೇನೆ ಅಂದರೆ ಮನೆಯವರು ಮೊದಲು ಕೇಳುವುದು ‘ಯಾಕೆ’, ಆಮೇಲೆ ‘ಎಷ್ಟು ಖರ್ಚು’. ‘ಯಾವಾಗ’ ಅನ್ನುವುದನ್ನು ಪಿಯುಸಿ ರಿಸಲ್ಟೇ ತೀರ್ಮಾನಿಸಿಬಿಟ್ಟಿರುತ್ತದೆ.

*

ಪಿಯುಸಿ ಮುಗಿಸಿ ಐದು ವರ್ಷದ ಕೋರ್ಸಿಗೆ ಹೋದವಳು 23ಕ್ಕೆ ಹೊರಬರುತ್ತಾಳೆ. ಮೂರು ವರ್ಷದ ಡಿಗ್ರಿ, ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದವಳು 24ಕ್ಕೆ. ನಡುವಿನ ಅಂತರ ಬರೀ ಒಂದು ವರ್ಷ. ಅಷ್ಟಕ್ಕೆ ಅಪ್ಪ-ಮಗಳು ವಾರಗಟ್ಟಲೆ ಮಾತು ಬಿಟ್ಟ ಮನೆಗಳಿವೆ.

*

ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ನಡೆಯುವುದು ಡಿಸೆಂಬರಿನಲ್ಲಿ. ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆ ಕೂಡ ಆಗ ಇನ್ನೂ ಮುಗಿದಿರುವುದಿಲ್ಲ. ಹೀಗಾಗಿ ‘ಮಾರ್ಕ್ಸ್ ನೋಡಿಕೊಂಡು ಯೋಚನೆ ಮಾಡೋಣ’ ಅನ್ನುವ ಮನೆಯವರಿಗೆ ರಾಷ್ಟ್ರೀಯ ಕಾನೂನು ಶಾಲೆಯ ಬಾಗಿಲು ಅವರು ಯೋಚನೆ ಶುರು ಮಾಡುವ ಹೊತ್ತಿಗೇ ಮುಚ್ಚಿರುತ್ತದೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳು ಫಲಿತಾಂಶಕ್ಕೆ ಕಾಯುತ್ತವೆ. ಕಾಯುವ ಕಾಲೇಜು ಕೀಳು, ಕಾಯದ್ದು ಮೇಲು ಎಂಬ ನಂಬಿಕೆ ನಮ್ಮಲ್ಲಿ ಹೇಗೋ ಬೇರೂರಿದೆ.

*

ಕ್ಲ್ಯಾಟ್ ಅಂದರೆ 120 ಪ್ರಶ್ನೆ, 120 ನಿಮಿಷ, ಒಂದು ತಪ್ಪಿಗೆ ಕಾಲು ಅಂಕ ಕಡಿತ, ಎಲ್ಲವೂ ಇಂಗ್ಲಿಷಿನಲ್ಲಿ. ಪ್ರಶ್ನೆಪತ್ರಿಕೆ ಅಳೆಯುವುದು ಉದ್ದುದ್ದ ಇಂಗ್ಲಿಷ್ ಪ್ಯಾರಾಗಳನ್ನು ಬೇಗ ಬೇಗ ಓದಿ ಅರಗಿಸಿಕೊಳ್ಳುವ ಶಕ್ತಿಯನ್ನು. ಸಿಂಧನೂರಿನ ಕನ್ನಡ ಮಾಧ್ಯಮದ ಹುಡುಗನಿಗೆ ಹದಿನೇಳರಲ್ಲಿ ಆ ವೇಗ ಇಲ್ಲದಿರುವುದು ಬುದ್ಧಿಯ ಕೊರತೆಯಲ್ಲ. ಅವನು ಮೊದಲು ಡಿಗ್ರಿ ಮಾಡಿ, ದಿನಾ ಇಂಗ್ಲಿಷ್ ಪತ್ರಿಕೆ ಓದಿ, ಇಪ್ಪತ್ತೊಂದಕ್ಕೆ ಅರ್ಜಿ ಹಾಕಿದರೆ ಅದು ತಡವೂ ಅಲ್ಲ, ಸೋಲೂ ಅಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲೇ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ನಡೆಸುತ್ತಿದೆ. 1988ರಲ್ಲಿ ಮೊದಲ ತಂಡಕ್ಕೆ ಐದು ವರ್ಷದ ಕೋರ್ಸ್ ಆರಂಭಿಸಿ ದೇಶಕ್ಕೆಲ್ಲ ಮಾದರಿ ಹಾಕಿಕೊಟ್ಟ ಸಂಸ್ಥೆ ಅದು.

*

ಮೆಡಿಕಲ್ ಸೀಟು ಸಿಗಲಿಲ್ಲ ಅಂತ ಲಾ ಸೇರುವವರನ್ನು ಹಂಗಿಸುವುದು ಸುಲಭ. ಸೀಟು ಸಿಕ್ಕಿದ್ದಕ್ಕೇ ಮೆಡಿಕಲ್ ಸೇರಿದವರನ್ನು ಮಾತ್ರ ಯಾರೂ ಏನೂ ಅನ್ನುವುದಿಲ್ಲ.

*

ಜಡ್ಜ್ ಆಗಬೇಕೆನ್ನುವವರ ಲೆಕ್ಕವೇ ಬೇರೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿಕೆ ಮಾಡಿರಬೇಕೆಂದು 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ಆ ಷರತ್ತು ಹೋಯಿತು. 2025ರ ಮೇ ತಿಂಗಳಲ್ಲಿ ಮತ್ತೆ ಬಂತು. ಕಾಲೇಜು ಮುಗಿಸಿದ ವರ್ಷವೇ ಪರೀಕ್ಷೆ ಬರೆದು ಪೀಠ ಏರುವ ಕನಸಿಗೆ ಇಪ್ಪತ್ತಮೂರು ವರ್ಷ ಆಯುಷ್ಯವಿತ್ತು. ನಿಯಮವನ್ನು ನಂಬಿ ಬದುಕಿನ ಕ್ಯಾಲೆಂಡರ್ ಬರೆಯುವವರು ಪೆನ್ಸಿಲಿನಲ್ಲೇ ಬರೆದರೆ ಒಳ್ಳೆಯದು.

*

ಕಾನೂನು ಓದಲು ಯಾವ ವರ್ಷ ಸರಿ ಎಂದು ಕೇಳುವವರು ಇನ್ನೊಂದು ಪ್ರಶ್ನೆಯನ್ನು ನುಂಗಿಕೊಂಡಿರುತ್ತಾರೆ: ಓದು ಮುಗಿದ ಮೇಲಿನ ಮೂರು-ನಾಲ್ಕು ವರ್ಷ ಅನ್ನ ಹಾಕುವವರು ಯಾರು? ಜೂನಿಯರ್‌ಗೆ ಸೀನಿಯರ್ ಕೊಡುವುದು ಹಲವು ಊರುಗಳಲ್ಲಿ ಬಸ್ಸಿಗೂ ಕಾಫಿಗೂ ಸರಿಹೋಗುತ್ತದೆ, ಬಾಡಿಗೆಗೆ ಸಾಲದು. ಅಣ್ಣನಿಗೆ ಕೆಲಸ ಸಿಕ್ಕಿದೆಯೇ, ಮನೆ ಸಾಲ ತೀರಿದೆಯೇ, ತಂಗಿಯ ಫೀಸು ಯಾರ ತಲೆಯ ಮೇಲಿದೆ? ಅರ್ಜಿ ಹಾಕುವ ವರ್ಷವನ್ನು ಇವುಗಳಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ವಯಸ್ಸಿನಿಂದ ಮುಂದಕ್ಕೆ ಎಣಿಸಿದವರು ಸನ್ನದು ಪಡೆದ ಎರಡನೇ ವರ್ಷಕ್ಕೇ ಯಾವುದೋ ಕಂಪನಿಯ ರಿಕವರಿ ವಿಭಾಗಕ್ಕೆ ಸೇರಿದ್ದನ್ನು ಬೇಕಾದಷ್ಟು ಕಂಡಿದ್ದೇನೆ.

*

ಒಂದು ಸಮಾಧಾನವಿದೆ. ಸನ್ನದಿಗೆ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ಮೀರಬಾರದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೂ ಮೊದಲು ರಾಜ್ಯದ ವಕೀಲರ ಪರಿಷತ್ತುಗಳು ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಿದ್ದವು. ಕಾನೂನಿನಲ್ಲಿ ಬರೆದಿದ್ದ ಮೊತ್ತವನ್ನೇ ತೆಗೆದುಕೊಳ್ಳಿ ಎಂದು ವಕೀಲರ ಸಂಸ್ಥೆಗಳಿಗೇ ಕೋರ್ಟು ಹೇಳಬೇಕಾಯಿತು!

*

ಅಂಬೇಡ್ಕರರು 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ ಸೇರಿದರು. ಬರೋಡಾದ ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಓದು ಬಿಟ್ಟು ವಾಪಸಾದರು. ಮುಂಬೈಯಲ್ಲಿ ಪಾಠ ಹೇಳಿ, ದುಡ್ಡು ಕೂಡಿಸಿ, ಸಾಲ ಮಾಡಿ 1920ರಲ್ಲಿ ಮತ್ತೆ ಹೋದರು. ‘ಗ್ಯಾಪ್ ಯಾಕಾಯಿತು’ ಎಂದು ಸಂದರ್ಶನದಲ್ಲಿ ಹುಬ್ಬೇರಿಸುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

*

ಐದು ವರ್ಷದ ಕೋರ್ಸಿಗೆ 20, ಮೂರು ವರ್ಷದ್ದಕ್ಕೆ 30 ಎಂದು ಬಾರ್ ಕೌನ್ಸಿಲ್ 2008ರಲ್ಲಿ ವಯಸ್ಸಿನ ಗೆರೆ ಎಳೆಯಿತು. ವರ್ಷಗಟ್ಟಲೆ ಕೋರ್ಟಿನಲ್ಲಿ ಜಗ್ಗಾಟ ನಡೆದು, ಈಗ ಕ್ಲ್ಯಾಟ್ ಬರೆಯಲು ಗರಿಷ್ಠ ವಯೋಮಿತಿಯೇ ಇಲ್ಲ. ಗೆರೆ ಅಳಿಸಿದ್ದರೂ ಸಂಬಂಧಿಕರ ಬಾಯಲ್ಲಿ ಅದಿನ್ನೂ ಜಾರಿಯಲ್ಲಿದೆ.

*

ಕೆಲಸದಲ್ಲಿದ್ದುಕೊಂಡೇ ಎಲ್‌ಎಲ್‌ಬಿ ಮಾಡುತ್ತೇನೆ ಎನ್ನುವವರು ಶೇ 70 ಹಾಜರಾತಿಯನ್ನು ಮರೆಯಬಾರದು. ಪದವಿ ಬಂದ ಮೇಲೂ ಪೂರ್ಣಾವಧಿ ಸಂಬಳ ಬಿಡದೆ ವಕಾಲತ್ತು ಹಾಕುವಂತಿಲ್ಲ. ನಲವತ್ತರಲ್ಲಿ ಅರ್ಜಿ ಹಾಕುವವರು ನಿಜವಾಗಿ ನಿರ್ಧರಿಸಬೇಕಾದದ್ದು ಯಾವಾಗ ಸೇರಬೇಕು ಎಂಬುದನ್ನಲ್ಲ, ಯಾವಾಗ ರಾಜೀನಾಮೆ ಕೊಡಬೇಕು ಎಂಬುದನ್ನು.

*

ತಡವಾಗಿ ಬಂದವರ ಪಾಲಿಗೆ 2024ರ ಜುಲೈ 1 ಒಳ್ಳೆಯ ದಿನ. ಅಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಹಳೆಯ ದಂಡ ಸಂಹಿತೆಯಲ್ಲಿ ಕೊಲೆಯ ಕಲಂ ಆಗಿದ್ದ 302 ಹೋಗಿ 103 ಆಯಿತು. ಮೋಸಕ್ಕೆ ಅಡ್ಡಹೆಸರೇ ಆಗಿದ್ದ 420 ಈಗ 318. ಮೂವತ್ತು ವರ್ಷ ಕ್ರಿಮಿನಲ್ ಕೇಸು ನಡೆಸಿದ ಹಿರಿಯರೂ ಪಟ್ಟಿ ಇಟ್ಟುಕೊಂಡು ಕಲಂ ಹುಡುಕುತ್ತಿದ್ದರು. ಸಾಕ್ಷಿಯ ಕಣ್ಣು ನೋಡಿ ಮುಂದಿನ ಪ್ರಶ್ನೆ ಕೇಳುವ ಕಸುಬಿಗೆ ಮಾತ್ರ ಹೊಸ ನಂಬರ್ ಬಂದಿಲ್ಲ.

*

ಕಾಲಮಿತಿ ಕಾಯ್ದೆ ಓದಿದವರಿಗೆ ಗೊತ್ತು: ಕೈಸಾಲದ ದಾವೆಗೆ 3 ವರ್ಷ, ಗಡಿ ದಾಟಿದರೆ ಕಾರಣ ಹೇಳಿ ಪ್ರಯೋಜನವಿಲ್ಲ. ಮೇಲ್ಮನವಿಗಾದರೆ ಸಾಕಷ್ಟು ಕಾರಣ ಕೊಟ್ಟರೆ ವಿಳಂಬ ಮನ್ನಾ ಆಗುತ್ತದೆ. ಲಾ ಕಾಲೇಜಿಗೆ ಹಾಕುವ ಅರ್ಜಿ ಮೇಲ್ಮನವಿಯ ಜಾತಿಗೆ ಸೇರಿದ್ದು.

*

ಅರ್ಜಿಗೆ ಮುಂಚೆ ಒಂದು ವಾರ ತಾಲ್ಲೂಕು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಬರಬೇಕು. ಹನ್ನೊಂದಕ್ಕೆ ಅಟೆಂಡರ್ ಹೆಸರು ಕೂಗುತ್ತಾನೆ. ಹೊರಗೆ ಬೇವಿನ ಮರದಡಿ ಬುತ್ತಿ ಬಿಚ್ಚುತ್ತಿದ್ದ ಮುದುಕ ಅರ್ಧ ರೊಟ್ಟಿ ಕೈಯಲ್ಲೇ ಹಿಡಿದು ಓಡಿ ಬರುತ್ತಾನೆ. ಎದುರು ವಕೀಲರು ಬಂದಿಲ್ಲ. ಮುಂದಿನ ವಾಯಿದೆ ಎರಡು ತಿಂಗಳಾಚೆ. ಮುದುಕ ತಾರೀಖನ್ನು ಬಸ್ ಟಿಕೆಟಿನ ಹಿಂದೆ ಬರೆಸಿಕೊಳ್ಳುತ್ತಾನೆ, ಬರೆದು ಕೊಡುವವನು ಜೂನಿಯರ್. ಇಡೀ ದಿನ ಆ ಜೂನಿಯರ್ ಮಾಡಿದ್ದು ಇಷ್ಟೇ. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಹುಟ್ಟಿದ್ದು ಇಂಥ ಜಗಲಿಯಲ್ಲೇ ಇರಬೇಕು. ಇದನ್ನೆಲ್ಲ ನೋಡಿ ಬೇಜಾರಾದವರು ಇನ್ನೊಂದು ವರ್ಷ ಯೋಚಿಸಲಿ. ಸಿಟ್ಟು ಬಂದವರು ಈ ವರ್ಷವೇ ಹಾಕಲಿ.

*

ವಕೀಲರ ಮಕ್ಕಳಿಗೆ ಸರಿಯಾದ ಕಾಲ ಎನ್ನುವುದಿಲ್ಲ. ಅವರಿಗೆ ಚೇಂಬರ್ ಇದೆ, ಕಕ್ಷಿದಾರರಿದ್ದಾರೆ, ಅಪ್ಪನ ಗುಮಾಸ್ತನಿದ್ದಾನೆ. ‘ಯಾವಾಗ ಬೇಕಾದರೂ ಸೇರಬಹುದು ಬಿಡಿ’ ಎಂದು ಅವರು ಕೊಡುವ ಸಲಹೆಯನ್ನು ಮೊದಲ ತಲೆಮಾರಿನವರು ಕೇಳಿಸಿಕೊಂಡು ಸುಮ್ಮನಿರಬೇಕು.

*

‘ಮದುವೆ ಆದಮೇಲೆ ಓದಿಸ್ತಾರಂತೆ ಕಣೇ, ಅವರೇ ಹೇಳಿದ್ದಾರೆ’ ಎಂದು ಅಮ್ಮ ಹೇಳಿದರೆ ಹುಡುಗಿ ಅದನ್ನು ವಕೀಲೆಯ ಕಿವಿಯಿಂದಲೇ ಕೇಳಿಸಿಕೊಳ್ಳಲಿ. ಹೇಳಿದವರು ಯಾರು, ಯಾರೆದುರು ಹೇಳಿದರು, ಫೀಸು ಕಟ್ಟುವವರು ಯಾರು, ಕಾಲೇಜಿಗೆ ಹೋಗುವ ಹೊತ್ತಿನಲ್ಲಿ ಅಡುಗೆ ಯಾರದ್ದು? ಉತ್ತರ ತಡವರಿಸಿದರೆ ಲಗ್ನಪತ್ರಿಕೆಗೆ ಮುಂಚೆ ಅರ್ಜಿ ಹೋಗಲಿ.