ತೂಕದ ಪಥ್ಯವೂ ಪ್ರವಾಸಿಯ ವ್ರತವೂ

ತಿಂಗಳುಗಟ್ಟಲೆ ಪರಸ್ಥಳದಲ್ಲಿರಬೇಕಾದ ಶ್ರಾವಕನು ದೇಹದ ತೂಕವನ್ನು ಇಳಿಸುವುದಕ್ಕಾಗಿ ಒಂದು ಹೊತ್ತಿನ ಊಟವನ್ನು ಬಿಟ್ಟರೆ ಅದನ್ನು ವ್ರತವೆನ್ನಬಹುದೆ? ಪ್ರಶ್ನೆಯು ಮೇಲುನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಏಕಭುಕ್ತ, ಉಪವಾಸ, ರಸತ್ಯಾಗ ಎಂಬ ಹಳೆಯ ಮಾತುಗಳ ಪಕ್ಕದಲ್ಲಿಯೇ ‘ಡಯಟ್’ ಎಂಬ ಹೊಸ ಮಾತು ಇಂದು ನಮ್ಮ ಅಡಿಗೆಮನೆಗಳಲ್ಲಿ ಬಂದು ಕುಳಿತಿದೆ. ಎರಡರಲ್ಲಿಯೂ ತಟ್ಟೆ ಬರಿದಾಗಿಯೇ ಕಾಣುತ್ತದೆ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಎರಡು ಕ್ರಿಯೆಗಳ ಒಳಗಣ ಭಾವ ಬೇರೆಯಾಗಿದ್ದರೆ ಅದನ್ನು ವಿವೇಚಿಸುವುದು ಧರ್ಮಜಿಜ್ಞಾಸುಗಳ ಕರ್ತವ್ಯವೇ ಆಗಿದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳನ್ನು ವಿಧಿಸುವ ಆ ಲಿಪಿಯಲ್ಲಿ 256 ಎಂಬ ಒಂದು ಸಂಖ್ಯೆ ಬರುತ್ತದೆ. ಅದು ಚಕ್ರವರ್ತಿಯು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ಅನೇಕ ವಿದ್ವಾಂಸರು ಅರ್ಥೈಸಿದ್ದಾರೆ. ಮನೆ ಬಿಟ್ಟು 256 ರಾತ್ರಿ! ಅಷ್ಟು ದಿನ ಆತನು ಏನನ್ನು ಉಂಡನೆಂಬುದನ್ನು ಬಂಡೆ ಹೇಳುವುದಿಲ್ಲ. ದಾರಿಯಲ್ಲಿದ್ದೂ ದಯೆಯನ್ನೂ ಸತ್ಯವನ್ನೂ ಮರೆಯಬಾರದೆಂಬುದನ್ನು ಮಾತ್ರ ಹೇಳುತ್ತದೆ.

ಅದೇ ನೆಲದಲ್ಲಿ ನೇಯ್ದ ರೇಷ್ಮೆಸೀರೆಗಳನ್ನು ಹೊತ್ತು ಊರೂರು ತಿರುಗುವ ವ್ಯಾಪಾರಿಗೆ 256 ರಾತ್ರಿ ಹೆಚ್ಚೇನೂ ಅಲ್ಲ. ಅಂಥ ಒಬ್ಬ ಶ್ರಾವಕನನ್ನು ಭಾವಿಸಿಕೊಳ್ಳಬಹುದು. ವಯಸ್ಸು ಐವತ್ತು ದಾಟಿದೆ. ದೀಪಾವಳಿ ಕಳೆದೊಡನೆ ಹೊರಟರೆ ಮದುವೆಯ ಲಗ್ನಗಳು ಮುಗಿಯುವವರೆಗೆ ದಾವಣಗೆರೆ, ಹುಬ್ಬಳ್ಳಿ, ಸೊಲ್ಲಾಪುರ, ಬೆಂಗಳೂರು ಎಂದು ಓಡಾಟ. ನಡುವೆ ಹಬ್ಬಕ್ಕೆಂದು ಮನೆಗೆ ಬಂದರೆ ನಾಲ್ಕು ದಿನ. ಮನೆಯಲ್ಲಿದ್ದಾಗ ಸೋಸಿದ ನೀರು, ಹೊತ್ತು ಮುಳುಗುವ ಮುನ್ನ ಊಟ, ಅಷ್ಟಮಿ ಚತುರ್ದಶಿಗಳಲ್ಲಿ ಏಕಭುಕ್ತ. ದಾರಿಗೆ ಬಿದ್ದೊಡನೆ ಆ ಕಟ್ಟು ಸಡಿಲುತ್ತದೆ. ಮಧ್ಯಾಹ್ನದ ಊಟ ಮೂರು ಗಂಟೆಗೆ, ರಾತ್ರಿಯದು ಹತ್ತಕ್ಕೆ. ಅಂಗಡಿಯಿಂದ ಅಂಗಡಿಗೆ ಹೋದಂತೆ ಒಂದೊಂದು ಲೋಟ ಚಹ. ಬೇಡವೆಂದರೆ ವ್ಯಾಪಾರಕ್ಕೆ ಕುಂದು ಎಂಬ ಅಂಜಿಕೆ. ಎರಡು ವರ್ಷಗಳಲ್ಲಿ ಅರುವತ್ತೆಂಟು ಕಿಲೋ ಇದ್ದವನು ಎಪ್ಪತ್ತೊಂಬತ್ತಾಗುತ್ತಾನೆ.

ಇದರಲ್ಲಿ ಗೂಢವೇನೂ ಇಲ್ಲ. ಒಂದು ಲೋಟ ಚಹಕ್ಕೆ ಎರಡು ಚಮಚೆ, ಎಂದರೆ ಸುಮಾರು 10 ಗ್ರಾಂ, ಸಕ್ಕರೆ ಬಿದ್ದರೆ ಅದರಿಂದ 40 ಕ್ಯಾಲೊರಿ. ದಿನಕ್ಕೆ ಆರು ಲೋಟವಾದರೆ 240, ತಿಂಗಳಿಗೆ 7200. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7700 ಕ್ಯಾಲೊರಿಯೆಂದು ಲೆಕ್ಕ ಹಾಕುತ್ತಾರೆ. ಬೇರೇನೂ ಬದಲಾಗದಿದ್ದರೆ, ಹಾಲನ್ನು ಲೆಕ್ಕಕ್ಕೆ ಹಿಡಿಯದೆಯೂ, ಬರಿಯ ಸಕ್ಕರೆಯೇ ತಿಂಗಳಿಗೆ ಒಂದು ಕಿಲೋದ ಹತ್ತಿರಕ್ಕೆ ಬಂದಿತು. ಇದರ ಮೇಲೆ ಚಳ್ಳಕೆರೆಯ ನಿಲ್ದಾಣದಲ್ಲಿ ಕೊಂಡು ಬಸ್ಸಿನಲ್ಲಿ ಕುಳಿತು ಮೆಲ್ಲುವ ಹುರಿದ ಕಡಲೆಕಾಯಿ. ಬೀಜ 50 ಗ್ರಾಂ ಆದರೂ ಅದರಲ್ಲಿ ಸುಮಾರು 280 ಕ್ಯಾಲೊರಿ. ಕುಳಿತವನ ಕಾಲುಗಳಿಗಂತೂ ಕೆಲಸವಿಲ್ಲ. ಭಾರತೀಯ ಪುರುಷರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ ಸ್ತ್ರೀಯರಿಗೆ 80ನ್ನೂ ಮೀರಬಾರದೆಂದು ವೈದ್ಯರು ಹೇಳುತ್ತಾರೆ. ನಮ್ಮ ವ್ಯಾಪಾರಿಯು ಅದನ್ನು ಎಂದೋ ಮೀರಿದ್ದಾನೆ.

ವೈದ್ಯರು ಎಚ್ಚರಿಸಿದ ಮೇಲೆ ಆತನು ಒಂದು ನಿರ್ಧಾರಕ್ಕೆ ಬಂದನೆನ್ನೋಣ: ಇನ್ನು ಪ್ರವಾಸದಲ್ಲಿ ದಿನಕ್ಕೆ ಒಂದೇ ಊಟ. ನಿರ್ಧಾರವೇನೋ ಕೆಟ್ಟದ್ದಲ್ಲ. ಆದರೆ ಉಳಿದುಕೊಳ್ಳುವ ಮನೆಗಳಲ್ಲಿ ಪ್ರತಿಸಲವೂ ವೈದ್ಯರ ಮಾತನ್ನು ವಿವರಿಸಲು ಸಂಕೋಚ. ಹೊಟ್ಟೆ ಬೆಳೆದುದನ್ನು ಯಾರು ತಾನೆ ಸಾರಿಕೊಂಡಾರು? ‘ನನಗೆ ಏಕಭುಕ್ತ ವ್ರತ’ ಎಂದುಬಿಟ್ಟನು. ಆ ಒಂದು ಮಾತಿಗೆ ಮನೆಯ ವಾತಾವರಣವೇ ಬದಲಾಯಿತು. ಹುಬ್ಬಳ್ಳಿಯ ಮನೆಯ ಸೊಸೆ ನಸುಕಿನಲ್ಲೆದ್ದು, ಮಡಿಯುಟ್ಟು, ನೀರು ಸೋಸಿ, ಬೇರೆ ಪಾತ್ರೆಯಲ್ಲಿ ಅಡಿಗೆ ಮಾಡಿದಳು. ಮಕ್ಕಳನ್ನು ಕರೆದು ನಮಸ್ಕಾರ ಮಾಡಿಸಿದಳು. ವ್ಯಾಪಾರಿ ಅದನ್ನು ಸ್ವೀಕರಿಸಿದನು. ವಾರಕ್ಕೊಮ್ಮೆ ಔಷಧಿ ಅಂಗಡಿಯ ತೂಕದ ಯಂತ್ರವನ್ನು ಹತ್ತಿ ಇಳಿಯುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಎಪ್ಪತ್ತಕ್ಕೆ ಬಂದ ದಿನ ಸಂಜೆ ಗೆಳೆಯರೊಡನೆ ಖಾನಾವಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಊಟ ನಡೆಯಿತು. ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಎರಡು ಹೊತ್ತಿನ ಊಟಕ್ಕೂ ಎಲೆಯ ಮುಂದೆ ಕುಳಿತನು. ಆ ಸೊಸೆ ಬಡಿಸುತ್ತ ಕೇಳಿದಳು: “ಕಾಕಾರ, ವ್ರತದ ಉದ್ಯಾಪನಿ ಯಾವಾಗ ಮಾಡಿದ್ರಿ? ನಮಗ ಹೇಳಲೇ ಇಲ್ಲಲ್ಲ!”

ಅದರಲ್ಲಿ ವ್ಯಂಗ್ಯವಿರಲಿಲ್ಲ. ಹಿಡಿದ ವ್ರತಕ್ಕೆ ಅವಧಿಯೂ ಉದ್ಯಾಪನೆಯೂ ಇರುತ್ತವೆಯೆಂಬ ಸರಳವಾದ ನಂಬಿಕೆಯಿಂದಲೇ ಕೇಳಿದ್ದಳು. ಆತನಲ್ಲಿ ಉತ್ತರವಿರಲಿಲ್ಲ. ಇದು ಯಾರೊಬ್ಬನ ವೃತ್ತಾಂತವೂ ಅಲ್ಲ. ಆದರೆ ಈ ಬಗೆಯ ತೊಡಕು ಅನೇಕ ಮನೆಗಳಿಗೆ ಅಪರಿಚಿತವೂ ಅಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಈ ಪ್ರಶ್ನೆಗೆ ನೇರವಾಗಿ ಒದಗುವ ಒಂದು ವಿವೇಚನೆಯನ್ನು ಮಾಡಿದ್ದಾರೆ. ದೇಹಕ್ಕೆ ಒಗ್ಗದ್ದು ಅನಿಷ್ಟ, ಅದನ್ನು ಬಿಡತಕ್ಕದ್ದು. ಸತ್ಪುರುಷರು ಸೇವಿಸಬಾರದ್ದು ಅನುಪಸೇವ್ಯ, ಅದನ್ನೂ ಬಿಡತಕ್ಕದ್ದು. ಆದರೆ ವ್ರತವೆಂಬ ಹೆಸರಿಗೆ ಮುಖ್ಯವಾಗಿ ಸಲ್ಲುವುದು ಇವೆರಡನ್ನು ಬಿಟ್ಟದ್ದಲ್ಲ. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರತನಾಗುವುದು. ಮಧುಮೇಹಿಯು ಸಕ್ಕರೆಯನ್ನು ಬಿಟ್ಟರೆ ಅದು ಅನಿಷ್ಟತ್ಯಾಗ, ಎಂದರೆ ವಿವೇಕ. ಸಕ್ಕರೆಯನ್ನು ಅರಗಿಸಿಕೊಳ್ಳಬಲ್ಲವನು, ಅದು ಎದುರಿಗಿದ್ದು, ದೋಷರಹಿತವಾಗಿದ್ದು, ‘ಈ ಮಾಸವೆಲ್ಲ ಒಲ್ಲೆ’ ಎಂದು ಸಂಕಲ್ಪಿಸಿ ಬಿಟ್ಟರೆ ಅದು ವ್ರತ. ಹೀಗೆ ಕಾಲದ ಮಿತಿಯಿರುವುದು ನಿಯಮ, ಜೀವವಿರುವವರೆಗಿನದು ಯಮ ಎಂದೂ ಅವರು ಹೇಳುತ್ತಾರೆ. ಒಂದು ದಿನ, ಒಂದು ಪಕ್ಷ, ಒಂದು ಋತು ಎಂದು ಅವಧಿಗಳನ್ನು ಹೆಸರಿಸುವಾಗ ಭೋಜನದ ಜೊತೆಗೆ ವಾಹನವನ್ನೂ ಶಯನವನ್ನೂ ಸೇರಿಸಿರುವುದು ಪ್ರವಾಸಿಯು ಗಮನಿಸಬೇಕಾದ ಅಂಶ.

ಈ ಗೆರೆಯಿಂದ ಪಥ್ಯವು ಹೀನವಾಗುವುದಿಲ್ಲ. ಶರೀರವು ಧರ್ಮಸಾಧನ, ಅದನ್ನು ಚಹಕ್ಕೂ ಎಣ್ಣೆಗೂ ಒಪ್ಪಿಸಿ ಕೆಡಿಸುವುದು ಯಾವ ಧರ್ಮವೂ ಅಲ್ಲ. ವ್ಯಾಪಾರಿಯ ತಪ್ಪು ಪಥ್ಯ ಮಾಡಿದುದರಲ್ಲಿಲ್ಲ, ಅದಕ್ಕೆ ವ್ರತದ ಹೆಸರಿಟ್ಟು ವ್ರತಕ್ಕೆ ಸಲ್ಲುವ ಗೌರವವನ್ನು ಪಡೆದುದರಲ್ಲಿದೆ. ನಿಃಶಲ್ಯನಾದವನೇ ವ್ರತಿ ಎಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿದ್ದಾರೆ. ಮಾಯೆ, ಮಿಥ್ಯಾತ್ವ, ನಿದಾನ ಈ ಮೂರು ಶಲ್ಯಗಳಲ್ಲಿ ಮೊದಲನೆಯದೇ ಇಲ್ಲಿ ಚುಚ್ಚಿಕೊಂಡಿದೆ. ಸಣ್ಣ ಮುಳ್ಳೇ ಸರಿ. ಆದರೆ ಆ ಸೊಸೆ ನಸುಕಿನಲ್ಲೆದ್ದದ್ದು ಆ ಮುಳ್ಳಿನ ದೆಸೆಯಿಂದ.

‘ಹೆಸರೇನಾದರೂ ಇರಲಿ, ಹೊಟ್ಟೆ ಹಸಿದದ್ದು ನಿಜವಲ್ಲವೆ? ಫಲ ಬಾರದೆ ಹೋದೀತೆ?’ ಎಂದು ಕೆಲವರು ಕೇಳಬಹುದು. ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪರಾಧೀನತೆಯಿಂದ ಹಸಿವನ್ನು ಸೈರಿಸಿದವನಿಗೂ ಅಕಾಮನಿರ್ಜರೆ ಉಂಟೆಂದು ಶಾಸ್ತ್ರವು ಒಪ್ಪುತ್ತದೆ. ಆದರೆ ಸೆರೆಯಲ್ಲಿರುವವನು ಸೈರಿಸಿದ ಹಸಿವಿನಲ್ಲಿ ತೂಕದ ಯಂತ್ರವಿಲ್ಲ. ಮುಳ್ಳು ಎಡಕ್ಕೆ ಸರಿದರೆ ಹರ್ಷ, ಬಲಕ್ಕೆ ಸರಿದರೆ ವಿಷಾದ. ಇವು ರಾಗದ್ವೇಷಗಳಲ್ಲದೆ ಬೇರೇನೂ ಅಲ್ಲ. ತಪಸ್ಸು ಯಾವುದನ್ನು ತೆಳುವಾಗಿಸಬೇಕೋ ಅದನ್ನೇ ಇದು ದಪ್ಪವಾಗಿಸುತ್ತದೆ. ಅಷ್ಟಕ್ಕೂ ಆ ಮುಳ್ಳು ಯಾವಾಗಲೂ ಸತ್ಯವಾದಿಯೂ ಅಲ್ಲ: ಊಟ ಬಿಟ್ಟ ಮೊದಲ ವಾರದಲ್ಲಿ ಇಳಿಯುವ ತೂಕದ ಬಹುಭಾಗ ನೀರು. ಊಟಕ್ಕೆ ಮರಳಿದೊಡನೆ ಅದೂ ಮರಳುತ್ತದೆ.

ಸಮಂತಭದ್ರರ ವಿಷಯವಾಗಿಯೇ ಒಂದು ಐತಿಹ್ಯವಿದೆ. ಕಥಾಕೋಶಗಳಲ್ಲಿಯೂ ಕನ್ನಡದ ದೇವಚಂದ್ರನ ರಾಜಾವಳೀಕಥೆಯಲ್ಲಿಯೂ ಅದು ಬರುತ್ತದೆ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯೂ (ಶಕ 1050) ಅವರ ಭಸ್ಮಕವ್ಯಾಧಿಯನ್ನು ಸ್ಮರಿಸುತ್ತದೆ. ಭಸ್ಮಕವೆಂದರೆ ಉಂಡದ್ದನ್ನೆಲ್ಲ ಕ್ಷಣದಲ್ಲಿ ಸುಟ್ಟು ಮತ್ತೆ ಹಸಿವನ್ನೆಬ್ಬಿಸುವ ರೋಗ. ಮುನಿಗೆ ದಿನಕ್ಕೊಂದೇ ಆಹಾರ. ವ್ಯಾಧಿಗೆ ಅದು ಸಾಲದು. ಸಲ್ಲೇಖನಕ್ಕೆ ಅನುಮತಿ ಬೇಡಿದರೆ ಗುರುಗಳು ಕೊಡಲಿಲ್ಲ. ಮುನಿವೇಷವನ್ನಿಳಿಸಿ ರೋಗವನ್ನು ಶಮನಗೊಳಿಸಿಕೊಂಡು ಬಾ ಎಂದರು. ಅವರು ಊರೂರು ಅಲೆದು, ಕೊನೆಗೆ ಒಂದು ಶಿವಾಲಯದಲ್ಲಿ ನಿತ್ಯವೂ ಸಲ್ಲುತ್ತಿದ್ದ ನೈವೇದ್ಯದಿಂದ ಹಸಿವನ್ನು ತಣಿಸಿಕೊಂಡರು. ವ್ಯಾಧಿ ಇಳಿದಂತೆ ನೈವೇದ್ಯ ಮಿಗತೊಡಗಿತು, ಗುಟ್ಟು ರಟ್ಟಾಯಿತು.

ಇಲ್ಲಿ ಓದುಗರು ತಡೆದು ಕೇಳಬಹುದು: ನೈವೇದ್ಯವನ್ನು ದೇವರಿಗೇ ಉಣಿಸುತ್ತೇನೆಂದು ಹೇಳಿ ಬಾಗಿಲು ಮುಚ್ಚಿ ತಾನುಂಡದ್ದು ಮಾಯೆಯಲ್ಲವೆ? ಹೌದು. ಕಥೆಗಾರರು ಅದನ್ನು ಮರೆಮಾಚಿಲ್ಲ. ಗುಟ್ಟು ಬಯಲಾದ ಮೇಲೆ ಅವರು ಹಿಂದಿನ ಪದವಿಗೆ ಸುಮ್ಮನೆ ಮರಳಲಿಲ್ಲ, ಹೊಸದಾಗಿ ದೀಕ್ಷೆಯನ್ನು ಪಡೆದರು. ಪ್ರಸ್ತುತಕ್ಕೆ ಬೇಕಾದದ್ದು ಇನ್ನೊಂದು ಸಂಗತಿ. ದೇಹದ ಚಿಕಿತ್ಸೆಗೆ ಹೊರಟಾಗ ಅವರು ಮುನಿವೇಷವನ್ನು ಇಳಿಸಿದರು. ಚಿಕಿತ್ಸೆಗೆ ಪಿಂಛಿಕಮಂಡಲುಗಳ ಗೌರವವನ್ನು ಹೊದಿಸಲಿಲ್ಲ.

ಹಾಗಾದರೆ ಪಥ್ಯವು ವ್ರತವಾಗುವುದೇ ಇಲ್ಲವೆ? ಆಗಬಹುದು. ವ್ಯಾಪಾರಿಯ ತೂಕ ಎಪ್ಪತ್ತಕ್ಕೆ ಬಂದ ಆ ಸಂಜೆಯೇ ಅದಕ್ಕೆ ಸರಿಯಾದ ಮುಹೂರ್ತವಾಗಿತ್ತು. ಅನಿಷ್ಟವಾಗಿದ್ದ ಎರಡನೆಯ ಊಟ ಅಂದು ಅನಿಷ್ಟವಾಗಿ ಉಳಿಯಲಿಲ್ಲ, ಯೋಗ್ಯವಾಯಿತು. ಯೋಗ್ಯವಾದುದನ್ನು, ಕನಿಷ್ಠ ಅದರ ರಾತ್ರಿಯ ಹೊತ್ತನ್ನು, ಅಂದಿನಿಂದ ಬಿಟ್ಟಿದ್ದರೆ ಸಮಂತಭದ್ರರ ಲಕ್ಷಣವು ಅಕ್ಷರಶಃ ಕೂಡಿಬರುತ್ತಿತ್ತು.

ಪ್ರವಾಸಿಗೆ ಒಗ್ಗುವ ತಪಸ್ಸು ಯಾವುದೆಂದರೆ, ಆರು ಬಾಹ್ಯತಪಗಳಲ್ಲಿ ಅನಶನದ ಮರುಸ್ಥಾನದಲ್ಲಿಯೇ ನಿಂತಿರುವ ಅವಮೌದರ್ಯ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28; ಅದರಿಂದ ಒಂದೊಂದೇ ತುತ್ತನ್ನು ಕಡಿಮೆ ಮಾಡುತ್ತ ಹೋಗುವುದೆಂದು ಭಗವತೀ ಆರಾಧನೆಯಂಥ ಗ್ರಂಥಗಳು ತಿಳಿಸುತ್ತವೆ. ಹೊಟ್ಟೆಯ ಅರ್ಧಭಾಗ ಅನ್ನವ್ಯಂಜನಗಳಿಗೆ, ಮೂರನೆಯ ಕಾಲುಭಾಗ ನೀರಿಗೆ, ನಾಲ್ಕನೆಯದು ವಾಯುಸಂಚಾರಕ್ಕೆ ಬರಿದು ಎಂಬುದು ಮೂಲಾಚಾರದ ಕ್ರಮ. ಇದಕ್ಕೆ ಬೇರೆ ಪಾತ್ರೆ ಬೇಡ, ಬೇರೆ ಒಲೆ ಬೇಡ. ಯಾರನ್ನೂ ನಸುಕಿನಲ್ಲಿ ಎಬ್ಬಿಸಬೇಕಾಗಿಲ್ಲ. ಉಪವಾಸವು ನಾಲ್ವರ ಕಣ್ಣಿಗೆ ಬೀಳುತ್ತದೆ; ನಾಲ್ಕು ತುತ್ತು ಕಡಿಮೆ ಉಂಡದ್ದು ಬಡಿಸಿದವರಿಗೂ ತಿಳಿಯುವುದಿಲ್ಲ. ಹೊಗಳಿಕೆಗೆ ಅಲ್ಲಿ ಎಡೆಯಿಲ್ಲದ ಕಾರಣ ಮಾಯಾಶಲ್ಯಕ್ಕೂ ಎಡೆ ಕಡಿಮೆ. ಇದರ ಜೊತೆಗೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ರಸಗಳಲ್ಲಿ ದಿನಕ್ಕೊಂದನ್ನು ಬಿಡುವ ರೂಢಿಯನ್ನು ಸೇರಿಸಿಕೊಳ್ಳಬಹುದು. ಖಾನಾವಳಿಯಲ್ಲಿ ಎಣ್ಣೆಯ ದಿನವೇ ಎಲ್ಲಕ್ಕಿಂತ ಕಠಿಣವಾದೀತು!

ನಿರಂತರ ಪ್ರವಾಸಿಗಳೆಂದರೆ ದಿಗಂಬರ ಮುನಿಗಳೇ. ಚಾತುರ್ಮಾಸದ ಹೊರತು ಅವರಿಗೆ ನೆಲೆಯಿಲ್ಲ, ಕಾಲ್ನಡಿಗೆಯ ವಿಹಾರ, ದಿನಕ್ಕೊಮ್ಮೆ ನಿಂತು ಕರಪಾತ್ರದಲ್ಲಿ ಆಹಾರ, ಅಂತರಾಯವಾದರೆ ಅದೂ ಇಲ್ಲ. ಅವರಂತೆ ಶ್ರಾವಕನು ಮಾಡಲಾರನು, ಮಾಡಹೊರಡಲೂ ಬಾರದು. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದೊಂದಿದೆ: ಶಕ್ತಿಯನ್ನು ಅಡಗಿಸದೆ, ಶಕ್ತಿಯನ್ನು ಮೀರದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆಯಂಶವನ್ನು ಇಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವನು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಬಸ್ಸಿನಲ್ಲಿಯೇ ಪ್ರಜ್ಞೆ ತಪ್ಪಬಹುದು. ಅದನ್ನು ತಪಸ್ಸೆನ್ನುವವರು ಶಾಸ್ತ್ರವನ್ನೂ ಓದಿಲ್ಲ, ವೈದ್ಯವನ್ನೂ ಕೇಳಿಲ್ಲ.

ಹುಬ್ಬಳ್ಳಿಯ ಆ ಪ್ರಶ್ನೆ ಇನ್ನೂ ಎಲೆಯ ಮುಂದೆ ಉಳಿದಿದೆ. ವ್ಯಾಪಾರಿಯು ನಕ್ಕು ಮಾತು ಮರೆಸಬಹುದಿತ್ತು. ‘ಮನೆಯಲ್ಲಿ ಸಣ್ಣದಾಗಿ ಮಾಡಿ ಮುಗಿಸಿದೆವು’ ಎನ್ನಬಹುದಿತ್ತು. ಅದನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಆದರೆ ಆತನು ಕೈಯನ್ನು ಎಲೆಯ ಮೇಲೆ ಹಿಡಿದು, “ಅದು ವ್ರತ ಆಗಿರಲಿಲ್ಲಮ್ಮ. ತೂಕ ಇಳಿಸೋದಕ್ಕೆ ಡಾಕ್ಟರು ಹೇಳಿದ ಪಥ್ಯ. ಹೇಳೋಕೆ ನಾಚಿಕೆಯಾಗಿ ವ್ರತ ಅಂದುಬಿಟ್ಟೆ. ನಿನ್ನನ್ನ ಬೆಳಗಿನ ಜಾವಕ್ಕೆ ಎಬ್ಬಿಸಿದ ಪಾಪ ನನ್ನದು” ಎಂದನೆನ್ನೋಣ. ಆಕೆ ಒಂದು ಗಳಿಗೆ ಸುಮ್ಮನಿದ್ದು, ಸೌಟನ್ನು ಪಾತ್ರೆಯಲ್ಲಿಟ್ಟು, “ಹಂಗಾರ ಸಂಜಿ ಊಟ ಹೊತ್ತು ಮುಣುಗೋದ್ರಾಗ ಮಾಡ್ರಿ ಕಾಕಾರ, ಐದೂವರಿಗೆ ತಯಾರ ಇರ್ತದ” ಎನ್ನುತ್ತಾಳೆ.