ಕೈ ಬಿಟ್ಟುಹೋದ ಹಣದ ತೆರಿಗೆ

ತಾನಾಗಿ ಸಾಲ ಮಾಡಿದವನಿಗೆ ಅದನ್ನು ತೀರಿಸುವ ದಿನವೂ ಗೊತ್ತಿರುತ್ತದೆ. ಬೆಳೆ ಕೆಟ್ಟರೆ ಮುಗಿಲನ್ನು ದೂರಬಹುದು. ಮನೆಯಲ್ಲಿ ಬೇನೆ ಬಂದರೆ ನೆರೆಹೊರೆಯವರು ಬಂದು ಸಮಾಧಾನ ಹೇಳುತ್ತಾರೆ. ಆದರೆ ಎಂದೋ ಕೈಗೆ ಬಂದು ಎಂದೋ ಖರ್ಚಾಗಿಹೋದ ಹಣದ ಮೇಲೆ ವರ್ಷಗಳು ಕಳೆದ ಬಳಿಕ ಸರಕಾರವು ತನ್ನ ಪಾಲನ್ನು ಕೇಳಿದಾಗ ಮನುಷ್ಯನು ಯಾರನ್ನು ದೂರಬೇಕು? ಈ ಸಂಕಟಕ್ಕೆ ಸಿಕ್ಕವರು ಈಗ ನಮ್ಮ ನಡುವೆ ವಿರಳರಲ್ಲ. ಅದನ್ನು ಬಾಯಿಬಿಟ್ಟು ಹೇಳುವವರು ಮಾತ್ರ ವಿರಳ. ತೆರಿಗೆಯ ನೋಟೀಸು ಬಂತೆಂದರೆ ಕಳವಿನ ಆರೋಪವೇ ಬಂದಂತೆ ನಾಚಿಕೊಳ್ಳುವ ರೂಢಿ ನಮ್ಮದು.

ನನ್ನ ಸ್ನೇಹಿತರೊಬ್ಬರ ಪ್ರಸಂಗವನ್ನು, ಅವರ ಒಪ್ಪಿಗೆ ಪಡೆದು ಹೆಸರನ್ನು ಬಿಟ್ಟು, ಇಲ್ಲಿ ನಿವೇದಿಸುತ್ತೇನೆ. ಅವರೂ ನಾನೂ ಬೆಳಗಾವಿಯಲ್ಲಿ ಮಠದ ಪ್ರಸಾದನಿಲಯದ ಒಂದೇ ಪಂಕ್ತಿಯಲ್ಲಿ ಉಂಡು ಓದಿದವರು. ಅವರ ಹಿರಿಯರ ಹೊಲವಿದ್ದುದು ಖಾನಾಪುರದ ಮಗ್ಗುಲಿಗೆ, ಮಲಪ್ರಭೆಯ ಆಚೆಯ ದಡದಲ್ಲಿ. ತಂದೆ ತೀರಿಕೊಂಡಾಗ ಅಕ್ಕತಂಗಿಯರಿಬ್ಬರೂ ರೂಢಿಯಂತೆ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದರು. ಒಂದೂವರೆ ಎಕರೆಯೂ ಇವರೊಬ್ಬರ ಹೆಸರಿಗಾಯಿತು. ಶಹಾಪುರದಲ್ಲಿ ಇವರದೊಂದು ಚಿಕ್ಕ ಅರಿವೆಯಂಗಡಿ. ಹೊಲ ನೋಡಿಕೊಳ್ಳುವುದು ದುಸ್ತರವಾಗಿ 2022ರ ಅಕ್ಟೋಬರಿನಲ್ಲಿ ಅದನ್ನು 48 ಲಕ್ಷ ರೂಪಾಯಿಗೆ ಮಾರಿದರು. ಕಾಗದದಲ್ಲೊಂದು ಬೆಲೆ, ಕೈಯಲ್ಲೊಂದು ಬೆಲೆ ಎಂಬ ವ್ಯವಹಾರಕ್ಕೆ ಅವರು ಒಪ್ಪಲಿಲ್ಲ; ಎಲ್ಲವೂ ಬ್ಯಾಂಕಿನ ಮೂಲಕವೇ ನಡೆಯಿತು. ಸಹಿಯ ಮೇಲೆ ನಿಂತ ಹಕ್ಕು ಮನಸ್ಸಿಗೆ ಒಪ್ಪದೆ ಸೋದರಿಯರನ್ನು ಕರೆಸಿ, ಸೀರೆ ಕುಬಸ ಮಾಡಿ, ತಲಾ 12 ಲಕ್ಷ ಕೊಟ್ಟರು. ಉಳಿದದ್ದು ಅಂಗಡಿಯ ಸಾಲಕ್ಕೂ ಮಗನ ಮನೆಗೂ ಸಂದುಹೋಯಿತು.

ಹೊಲದ ಹಣಕ್ಕೆ ತೆರಿಗೆಯಿಲ್ಲ ಎಂಬುದು ನಮ್ಮ ಕಡೆಯ ಒಕ್ಕಲಿಗನಿಂದ ವಕೀಲನವರೆಗೆ ಎಲ್ಲರೂ ನಂಬಿದ ಮಾತು. ಅದು ಅರ್ಧ ಸತ್ಯ. ಹೊಲದಲ್ಲಿ ಬೆಳೆದದ್ದರ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲವೆಂಬುದು 1886ರ ಕಾಯಿದೆಯಿಂದಲೂ ನಡೆದುಬಂದಿದೆ. ಹೊಲವನ್ನೇ ಮಾರಿದಾಗಿನ ಲಾಭದ ಮಾತು ಬೇರೆ. ಪೇಟೆಗೆ ಹತ್ತಿರದ ಹೊಲವನ್ನು 1970ರಲ್ಲಿಯೇ ಬಂಡವಾಳದ ಆಸ್ತಿಯೆಂದು ಎಣಿಸಲಾಯಿತು. ಹತ್ತು ಸಾವಿರವನ್ನು ಮೀರಿ ಒಂದು ಲಕ್ಷದೊಳಗೆ ಜನರಿರುವ ಪೇಟೆಯ ಎಲ್ಲೆಯಿಂದ 2 ಕಿಲೋಮೀಟರು, ಹತ್ತು ಲಕ್ಷದೊಳಗಿನದಾದರೆ 6, ಅದಕ್ಕೂ ದೊಡ್ಡದಾದರೆ 8 – ಇಷ್ಟರೊಳಗಿನ ಹೊಲವು ಕಾಯಿದೆಯ ಕಣ್ಣಿಗೆ ಹಳ್ಳಿಯ ಹೊಲವಲ್ಲ. 2011ರ ಜನಗಣತಿಯಂತೆ ಬೆಳಗಾವಿಗೆ ಅನ್ವಯಿಸಿದ್ದು 6, ಖಾನಾಪುರಕ್ಕೆ 2. ನನ್ನ ಸ್ನೇಹಿತರು ಇದನ್ನು ಅಷ್ಟಿಷ್ಟು ಕೇಳಿದ್ದರು. ಸ್ಕೂಟರಿನ ಮೀಟರು ನೋಡಿಕೊಂಡು ಸೇತುವೆಯ ಮೇಲಿಂದ ಸುತ್ತುಹಾಕಿ ಅಳೆದೂ ಇದ್ದರು, ಎರಡೂವರೆಯ ಮೇಲಾಗಿತ್ತು. ಆದರೆ 2013ರ ಹಣಕಾಸು ಕಾಯಿದೆಯ ತರುವಾಯ ಆ ದೂರವನ್ನು ಅಳೆಯಬೇಕಾದದ್ದು ದಾರಿಯಿಂದಲ್ಲ, ಹಕ್ಕಿ ಹಾರುವ ನೇರದಿಂದ. ಹಕ್ಕಿಗೆ ಸೇತುವೆ ಬೇಕಿಲ್ಲ. ಹೊಳೆಯನ್ನು ನೇರ ದಾಟಿದರೆ ಅವರ ಹೊಲ ಎರಡು ಕಿಲೋಮೀಟರಿನ ಒಳಗೇ ಬೀಳುತ್ತಿತ್ತು.

ಮೂವತ್ತು ಲಕ್ಷ ಮುಟ್ಟಿದ ಪ್ರತಿ ಮಾರಾಟದ ಸುದ್ದಿಯೂ ಆಗ ನೋಂದಣಿ ಕಚೇರಿಯಿಂದ ತೆರಿಗೆ ಇಲಾಖೆಗೆ ಹೋಗುತ್ತಿತ್ತು. ನೋಟೀಸುಗಳು ಬಂದದ್ದು ಮನೆಯ ಬಾಗಿಲಿಗಲ್ಲ, ಲೆಕ್ಕ ಬರೆಯುವವರ ಇ-ಮೇಲಿಗೆ. ಇವರಿಗೆ ತಿಳಿಯುವ ಹೊತ್ತಿಗೆ 2025ರ ಆರಂಭವಾಗಿತ್ತು. 2001ರ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಕಳೆದ ಮೇಲೂ 38 ಲಕ್ಷದಷ್ಟು ಲಾಭ. ನೂರಕ್ಕೆ 20ರಂತೆ ತೆರಿಗೆ, ಅದರ ಮೇಲೆ ಸೆಸ್ಸು – 7 ಲಕ್ಷ 90 ಸಾವಿರದ ಆಸುಪಾಸು. ಮುಂಗಡ ಕಟ್ಟದ್ದಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಕೂಡಿ ಹತ್ತು ಲಕ್ಷದ ಸಮೀಪ. ತೀರಿಸಲು ಮೂವತ್ತು ದಿನ. ಎರಡು ವರ್ಷದೊಳಗೆ ಬೇರೆ ಹೊಲ ಕೊಂಡಿದ್ದರೆ, ಅಥವಾ ಅದಕ್ಕಾಗಿ ಹಣವನ್ನು ಬ್ಯಾಂಕಿನ ಗೊತ್ತಾದ ಖಾತೆಯಲ್ಲಿ ಸಕಾಲಕ್ಕೆ ಇಟ್ಟಿದ್ದರೆ, ಕೊಂಡ ಬೆಲೆಯಷ್ಟು ಲಾಭಕ್ಕೆ ವಿನಾಯಿತಿ ದೊರೆಯುತ್ತಿತ್ತು. ಆ ಬಾಗಿಲು ಮುಚ್ಚಿಯಾಗಿತ್ತು. ಮಾರುವ ಮುನ್ನ ಬಲ್ಲವರನ್ನು ಒಂದು ತಾಸು ಕೇಳಲಿಲ್ಲವೆಂಬುದೇ ಅವರ ತಪ್ಪು. ಅದು ಅಜಾಗರೂಕತೆಯೇ ಹೊರತು ವಂಚನೆಯಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ನೋಡದವನು ಮುಂದೆ ಇನ್ನೂ ದೊಡ್ಡ ತಪ್ಪಿಗೆ ಇಳಿಯುತ್ತಾನೆ. ಹೇಗೂ ಕಳ್ಳನೆನಿಸಿಕೊಂಡೆನಲ್ಲ ಎಂಬ ಸಿಟ್ಟು ಮನುಷ್ಯನನ್ನು ನಿಜವಾಗಿಯೂ ಕಳವಿನತ್ತ ದೂಡುತ್ತದೆ.

ಆ ಸಿಟ್ಟಿನಲ್ಲಿಯೇ ಒಂದು ಸಂಜೆ ಅವರು ನಮ್ಮ ಮನೆಗೆ ಬಂದರು. ಮಠದ ರಸೀದಿ ಪುಸ್ತಕದ ಕೆಲಸದಲ್ಲಿ ನಾನು ಕೈಜೋಡಿಸುವುದು ಅವರಿಗೆ ಗೊತ್ತು. ಚಹಾ ಮುಗಿಯುವವರೆಗೆ ಊರ ಮಾತು ಆಡಿ ಕೊನೆಗೆ ಕೇಳಿದರು: “ಹಿಂದಿನ ತಾರೀಖಿಂದು ಒಂದು ದೇಣಿಗಿ ಪಾವತಿ ಆಗತದೇನು? ಮಠಕ್ಕ ನಾ ಮುಂದ ಕೊಟ್ಟs ಕೊಡತೀನಿ.” ಉತ್ತರ ಕೊಡಲು ನನಗೆ ಕೊಂಚ ಹೊತ್ತು ಬೇಕಾಯಿತೆಂದು ಒಪ್ಪಿಕೊಳ್ಳುತ್ತೇನೆ. ಒಂದೇ ತಾಟಿನಲ್ಲಿ ಉಂಡವನ ಕಣ್ಣು ತುಂಬಿದ್ದನ್ನು ನೋಡಿ ನಿಯಮ ಹೇಳುವುದು ಸುಲಭವಲ್ಲ. ದೀರ್ಘಾವಧಿಯ ಬಂಡವಾಳ ಲಾಭದಿಂದ ದೇಣಿಗೆಯ ವಿನಾಯಿತಿಯನ್ನು ಕಳೆಯಲು ಬರುವುದಿಲ್ಲ. 2021–22ರಿಂದ ಇಂಥ ದೇಣಿಗೆ ಪಡೆದ ಸಂಸ್ಥೆಗಳೇ ದಾನಿಗಳ ಯಾದಿಯನ್ನು ಇಲಾಖೆಗೆ ಒಪ್ಪಿಸಬೇಕು. ಆದ್ದರಿಂದ ಆ ಪಾವತಿ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಆದರೆ ಆ ಕಾರಣವನ್ನು ಮುಂದೊಡ್ಡಿ ನಾನು ನಿರಾಕರಿಸಿದ್ದರೆ, ಪ್ರಯೋಜನವಿದ್ದಲ್ಲಿ ಕೊಡುತ್ತಿದ್ದೆನೆಂದು ಹೇಳಿದಂತೆಯೇ ಆಗುತ್ತಿತ್ತು. ನಾವಿಬ್ಬರೂ ಉಂಡ ಪ್ರಸಾದ ಭಕ್ತರು ತಂದ ಜೋಳದ್ದು. ಆದರೆ ನಮಗೆ ಅಕ್ಷರ ಕಲಿಸಿದ ಗುರುಗಳ ಸಂಬಳ ಸರಕಾರದ ಅನುದಾನದ್ದು, ಅಂದರೆ ಯಾರೋ ಕಟ್ಟಿದ ತೆರಿಗೆಯದು. ಒಂದು ಋಣದ ಪುಸ್ತಕದಲ್ಲಿ ಸುಳ್ಳು ಬರೆದು ಇನ್ನೊಂದು ಋಣವನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲವೆಂದು ಹೇಳಿದೆ. ಅವರು ಮಾತಾಡದೆ ಎದ್ದು ಹೋದರು. ಎರಡು ವಾರ ನಮ್ಮಲ್ಲಿ ಮಾತಿರಲಿಲ್ಲ.

ಸರಕಾರವೇನು ಸಾಚಾ, ಎಂದು ಕೇಳುವವರುಂಟು. 1973–74ರಲ್ಲಿ ಅತಿ ಮೇಲಿನ ಆದಾಯದ ಮೇಲಿನ ತೆರಿಗೆ, ಅಧಿಭಾರ ಸೇರಿ, ನೂರಕ್ಕೆ 97 ಮುಕ್ಕಾಲು ಇತ್ತು. ಅಂಥ ಲೆಕ್ಕ ಮನುಷ್ಯನಿಗೆ ಸುಳ್ಳನ್ನು ಕಲಿಸಿತೆಂದರೆ ಅಲ್ಲಗಳೆಯಲಾರೆ. ಎರಡು ಕಿಲೋಮೀಟರಿನ ಗೆರೆಯೂ ನ್ಯಾಯದ ಪರಾಕಾಷ್ಠೆಯೇನಲ್ಲ. ಗೆರೆಯಾಚೆಯ ನೆರೆಹೊಲದವನು ಅದೇ ಬೆಲೆಗೆ ಮಾರಿ ಒಂದು ಕಾಸೂ ಕಟ್ಟಬೇಕಾಗಿಲ್ಲ. ಇನ್ನೊಬ್ಬನ ಹೊಲ 2013ರ ಭೂಸ್ವಾಧೀನ ಕಾಯಿದೆಯಡಿ ಹೋದರೆ ಆ ಪರಿಹಾರಕ್ಕೆ ತೆರಿಗೆಯಿಲ್ಲವೆಂದು ಇಲಾಖೆಯೇ 2016ರ ಸುತ್ತೋಲೆಯಲ್ಲಿ ಹೇಳಿದೆ. ಬೇಡಿಕೆ ತಪ್ಪಾಗಿದ್ದರೆ ಮೇಲ್ಮನವಿ ಮಾಡುವುದು ಧರ್ಮವೇ. ಆದರೆ ಗೆರೆ ಎಲ್ಲಿಯಾದರೂ ಬೀಳಲೇಬೇಕು, ಯಾರದಾದರೂ ಬದುವಿನ ಮೇಲೆ ಬೀಳಲೇಬೇಕು. ಅದೇ ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳು ಭೂದಾನದ ದಾಖಲೆಗಳು. ಅರಸರ ಕಾಲದಲ್ಲಿ ತೆರಿಗೆಯಿಲ್ಲದ ಮಾನ್ಯದ ಭೂಮಿ ಎಂಬುದನ್ನು ಬೇರೆಯಾಗಿ ಬರೆಸಬೇಕಾಗುತ್ತಿತ್ತು. ತೆರಿಗೆ ಕೊಡುವುದು ಸಾಮಾನ್ಯ ನಿಯಮ, ಬಿಡುವುದು ಅನುಗ್ರಹವಾಗಿತ್ತು. ನಾವು ಅನುಗ್ರಹವನ್ನು ಆಜನ್ಮಸಿದ್ಧ ಹಕ್ಕೆಂದು ತಿಳಿದುಕೊಂಡಿದ್ದೇವೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ ಬೊಕ್ಕಸ ಬರಿದುಮಾಡಿದರೆಂಬ ದೂರು ಬಂದು, ಎಣಿಸಿದಾಗ ಲೆಕ್ಕ ಸರಿಯಾಗಿತ್ತೆಂಬ ಕಥೆಯನ್ನು ನಾವು ಪವಾಡದಂತೆ ಹೇಳಿಕೊಳ್ಳುತ್ತೇವೆ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಎಣಿಕೆಗೆ ಅವರು ಬಾಗಿಲು ತೆರೆದದ್ದು. ಇಂಥ ಸಂದರ್ಭದಲ್ಲಿ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಲಕ್ಕಮ್ಮನ ಮಾತನ್ನು ಎತ್ತುವುದು ವಾಡಿಕೆ. ಹತ್ತು ಲಕ್ಷದ ಚೀಟಿ ಹಿಡಿದವನ ಮುಂದೆ ಅದನ್ನು ಎತ್ತಲು ನನಗೆ ನಾಲಗೆ ಬರಲಿಲ್ಲ. ಲಕ್ಕಮ್ಮನ ಮನೆಯಲ್ಲಿ ಆ ಅಕ್ಕಿ ಇನ್ನೂ ಬೆಂದಿರಲಿಲ್ಲ. ಇವರ ಮನೆಯಲ್ಲಿ ಅದು ಬೆಂದು, ಬಡಿಸಿ, ಉಂಡಾಗಿತ್ತು.

ನಿಜವಾದ ತೊಡಕು ಇದ್ದದ್ದು ಇಲಾಖೆಯೊಂದಿಗಲ್ಲ. ಸೋದರಿಯರಿಗೆ ಕೊಟ್ಟ 24 ಲಕ್ಷದ ಮೇಲಿನ ತೆರಿಗೆ ಯಾರದು? ಕಾಯಿದೆಯ ಪ್ರಕಾರ ಇವರೊಬ್ಬರದೇ. ಹೊಲ ಇವರ ಹೆಸರಿನಲ್ಲಿತ್ತು. ಧರ್ಮದ ಪ್ರಕಾರ? ಕೊಟ್ಟದ್ದು ದಾನವಾಗಿದ್ದರೆ ಅದರಲ್ಲಿ ಒಂದು ರೂಪಾಯಿಯನ್ನೂ ಮರಳಿ ಕೇಳಲಾಗದು. ಪಾಲಾಗಿದ್ದರೆ ಭಾರವೂ ಪಾಲಾಗಬೇಕು. ಮೊದಲೇ ತಿಳಿದಿದ್ದರೆ ತೆರಿಗೆ ಕಳೆದು ಹಂಚಿ ತಲಾ ಹತ್ತು ಲಕ್ಷ ಕೊಡುತ್ತಿದ್ದರು. ಈ ಪ್ರಶ್ನೆಯನ್ನು ನಾನು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಸೀರೆ ಕುಬಸ ಮಾಡಿ, ಬಂಧುಗಳ ಎದುರಿಗೆ ಕೊಟ್ಟಿದ್ದರು. ಕೊಡುವಾಗ ಮನಸ್ಸಿನಲ್ಲಿ ಇದ್ದದ್ದು ಪಾಲೆಂಬ ಭಾವವೋ ದಾನಿಯೆಂಬ ಹಿಗ್ಗೋ ಎಂಬುದನ್ನು ಅವರೂ ಅಂದಿನವರೆಗೆ ಕೇಳಿಕೊಂಡಿರಲಿಲ್ಲ. ದಾನ ಬೇರೆ, ದಾಸೋಹ ಬೇರೆ ಎಂದು ನಾವು ಪ್ರಸಾದನಿಲಯದಲ್ಲಿ ಬಾಯಿಪಾಠ ಮಾಡಿದ್ದೆವು. ಆ ಭೇದ ಮೂವತ್ತು ವರ್ಷಗಳ ಮೇಲೆ ಒಂದು ತೆರಿಗೆಯ ಚೀಟಿಯಿಂದ ಅರ್ಥವಾಗಬೇಕಾಯಿತು.

ಅವರು ಸೋದರಿಯರಿಗೆ ತಿಳಿಸದೆ ಮೂರು ತಿಂಗಳು ಒದ್ದಾಡಿದರು. ಅಂಗಡಿಯ ಸರಕಿನ ಮೇಲೆ ಸಾಲ ತಂದರು, ಮನೆಯವರ ಬಂಗಾರ ಅಡವಿಟ್ಟರು, ಉಳಿದದ್ದಕ್ಕೆ ಅವಧಿ ಮುಗಿಯುವ ಮೊದಲೇ ಅಧಿಕಾರಿಗಳಿಗೆ ಅರ್ಜಿ ಕೊಟ್ಟು ಕಂತು ಕೋರಿದರು. ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದೆಯೆಂಬುದು ಬಹಳ ಜನರಿಗೆ ಗೊತ್ತಿಲ್ಲ; ಬಡ್ಡಿ ನಡೆಯುತ್ತದೆ, ಆದರೆ ಕಂತು ತಪ್ಪದವನ ಮನೆಗೆ ಜಪ್ತಿ ಬರುವುದಿಲ್ಲ. ಈ ಸುದ್ದಿ ಹೇಗೋ ನಂದಗಡದ ಅಕ್ಕನಿಗೆ ಮುಟ್ಟಿತು. ಆ ತಾಯಿ ಠೇವಣಿ ಮುರಿಸಿ, ಬಸ್ಸು ಹತ್ತಿ, ಖಾನಾಪುರದಲ್ಲಿ ಇಳಿಯದೆ ನೇರ ಬೆಳಗಾವಿಗೆ ಬಂದರು. ಎರಡೂವರೆ ಲಕ್ಷದ ಚೆಕ್ಕನ್ನು ಮೇಜಿನ ಮೇಲಿಟ್ಟು ಅಂದರು: “ಹೊಲಾ ಮಾರುಮುಂದ ನನ್ನ ಕರದಿ. ಈ ಸುದ್ದಿ ಯಾಕ ಮುಚ್ಚಿಟ್ಟಿ ತಮ್ಮಾ? ನೀ ಕೊಟ್ಟದ್ದು ಉಡುಗೊರಿ ಅಲ್ಲ, ನಮ್ಮ ಅಪ್ಪನ ಪಾಲು. ಪಾಲು ತಗೊಂಡಾಕಿ ಪಟ್ಟೀನೂ ಕಟ್ಟತಾಳ.” ಹಣ ಬಂದುದಕ್ಕೆ ಅವರಿಗೆ ಸಮಾಧಾನವಾಯಿತು. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲವೆಂದು ನನ್ನ ಬಳಿ ಹೇಳಿಕೊಂಡರು. ಎರಡು ವರ್ಷ ಜತನದಿಂದ ಇಟ್ಟುಕೊಂಡಿದ್ದ ದಾನಿಯ ಪಟ್ಟವನ್ನು ಅಕ್ಕ ಒಂದೇ ಮಾತಿನಲ್ಲಿ ಕಸಿದುಕೊಂಡಿದ್ದರು.

ತಂಗಿಯ ಸಂಗತಿ ಬೇರೆ. ಆಕೆಯ ಹಣವೆಲ್ಲ ಗಂಡನ ಆಸ್ಪತ್ರೆಗೆ ಹೋಗಿದೆ. ಅಕ್ಕನ ಮಾತನ್ನು ಒಪ್ಪಿದರೆ ಅವಳೂ ಎರಡೂವರೆ ಲಕ್ಷ ಕೊಡಬೇಕು. ಅವಳನ್ನು ಬಿಡುವುದೇ ಸರಿಯೆಂದು ನಾನೂ ಹೇಳಿದೆ. ಆದರೆ ಬಿಟ್ಟೆನೆಂಬುದನ್ನು ಮತ್ತೊಂದು ದಾನವನ್ನಾಗಿ ಎಣಿಸಬೇಡಿರೆಂದೂ ಹೇಳಿದೆ. ಅವರು ಪೂರ್ತಿ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವಳಿಗೆ ಕಳಿಸಿದರು, ಏನನ್ನೂ ಕೇಳಲಿಲ್ಲ. ಮುಂದಿನ ತಿಂಗಳಿಂದ ಅವಳ ಖಾತೆಯಿಂದ ಪ್ರತಿ ತಿಂಗಳು ಒಂದು ಸಾವಿರ ರೂಪಾಯಿ ಬರುತ್ತಿದೆ. ಬೇಡವೆಂದು ಹೇಳಲು ಅವರು ಎರಡು ಸಲ ಫೋನು ಕೈಗೆತ್ತಿಕೊಂಡು ಹಾಗೆಯೇ ಕೆಳಗಿಟ್ಟಿದ್ದಾರೆ.